ಮೂರಿಂಚಿನ ಅಟ್ಟೆ

ಜವರಣ್ಣ ತನ್ನ ಬಲಗಾಲನ್ನು ಹೆಂಗಸರ ಹೈ ಹೀಲ್ಸ್ ಚಪ್ಪಲಿಯೊಳಗೆ ತುರುಕಿದಾಗ ಅರಸೀಕೆರೆಯ ಆ ಅಂಗಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು.

"ಜವರಣ್ಣಾ, ಅದು ಲೇಡೀಸ್‌ದು. ಅತ್ತಿಗೆಗೆ ಅಂತ ತೆಗೆದುಕೊಟ್ಟೆ," ಎಂದ ಅಂಗಡಿಯ ರುದ್ರೇಶ, ನಗು ತಡೆಯುತ್ತ.

"ನಿಮ್ಮತ್ತಿಗೆಗೆ ಅಂತ ನಾನೆಲ್ಲಿ ಅಂದೆ? ದಪ್ಪ ಅಟ್ಟೇದು ಕೊಡು ಅಂದೆ, ಅಷ್ಟೇಯ."

ಜವರಣ್ಣ ಬ್ರೇಕ್ ತುಳಿಯುವವನಂತೆ ನೆಲವನ್ನು ಎರಡು ಸಲ ಒತ್ತಿ ನೋಡಿದ. ಹಳೇಬೀಡಿನ ಪ್ರವಾಸಿಗರಿಗೆ ಟ್ಯಾಕ್ಸಿ ಓಡಿಸುವ ಗಿಡ್ಡ ಆಳು ಅವನು. ಕಾಲು ಎಟುಕದ್ದಕ್ಕೆ ಹಳೆಯ ಕಾರಿನ ಪೆಡಲ್‌ಗಳಿಗೆ ತಾನೇ ಹಲಸಿನ ಮರದ ತುಂಡು ಕಟ್ಟಿಕೊಂಡು ಹದಿನೆಂಟು ವರ್ಷ ಓಡಿಸಿದ್ದ. ಹೋದ ವಾರ ಹೊಸ ಕಾರು ಬಂದಿತ್ತು. ಇದಕ್ಕೂ ಹಾಗೇ ಕಟ್ಟಿಕೊಳ್ಳಲೇ ಎಂದು ಹಾಸನದ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, ಟೈ ಕಟ್ಟಿದವನು ತಲೆ ಎತ್ತದೆಯೇ ಹೇಳಿದ್ದ: "ಮನೇಲಿ ಒಂದು ಸ್ಕ್ರೂ ಮುಟ್ಟಿದರೂ ಕಂಪನಿ ಗ್ಯಾರಂಟಿ ಹೋಗುತ್ತೆ."

ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜವರಣ್ಣ ಅವಳನ್ನೇ ನೋಡುತ್ತ ಎಡಗಾಲಿಗೂ ಚಪ್ಪಲಿ ಏರಿಸಿದ, ಪಟ್ಟಿ ಬಿಗಿದ, ಎದ್ದು ನಿಂತ. ಇಷ್ಟು ವರ್ಷ ತಾನು ಕತ್ತೆತ್ತಿ ಮಾತಾಡಿಸುತ್ತಿದ್ದ ರುದ್ರೇಶನ ಕಣ್ಣು ಈಗ ತನ್ನ ಕಣ್ಣಿಗೆ ನೇರಕ್ಕಿತ್ತು. ರುದ್ರೇಶನ ನಗು ನಿಂತಿತು.

"ಡಬ್ಬಿಗೆ ಹಾಕಿಕೊಡ್ಲಾ?"

"ಹಳೇ ಎಕ್ಕಡ ಹಾಕ್ಕೊಡು ಡಬ್ಬಿಗೆ. ಇದನ್ನ ಮೆಟ್ಕೊಂಡೇ ಹೋಯ್ತೀನಿ." ಜವರಣ್ಣ ಟಕ್ ಟಕ್ ಎಂದು ಬಾಗಿಲ ತನಕ ನಡೆದು ತಿರುಗಿದ. "ಕಾರು ಮುಟ್ಬ್ಯಾಡ ಅಂತ ಕಂಪ್ನಿಯೋರು ಅಂದವ್ರೆ, ಮುಟ್ಟಾಕಿಲ್ಲ. ಕಾಲು ನಮ್ಮವ್ವ ಕೊಟ್ಟಿದ್ದು ಕಣ್ಲಾ."