ಎಡಗಡೆಯ ಸೀಟು

ಎಡಗಡೆಯ ಸೀಟು ಕೊನೆಗೂ ಕಿತ್ತು ಬಂತು. ಅದರಡಿಯ ಹಲಗೆಯನ್ನು ಉಳಿಯಿಂದ ಮೀಟಿ ತೆಗೆದ ಮೈದುನ, ಬೋಟಿನ ಹೊಟ್ಟೆಯೊಳಗೆ ತೋಳು ತೂರಿಸಿ ತಡಕಾಡಿದ.

"ಅತ್ತಿಗೆ, ಬನ್ನಿ ಇಲ್ಲಿ. ಅಣ್ಣ ನಿಮ್ಮಿಂದ ಏನೋ ಬಚ್ಚಿಟ್ಟಿದಾನೆ."

"ಚಿನ್ನ ಇದ್ರೆ ಕರಿ. ಇಲಿ ಇದ್ರೆ ನೀನೇ ನೋಡ್ಕೋ," ಎಂದಳು ಅತ್ತಿಗೆ. ಬೋಟಿನ ಮೂತಿಯ ಬಳಿ ಕೂತು ಡೆಕ್ಕಿನ ಹಲಗೆ ಉಜ್ಜುತ್ತಿದ್ದವಳು ತಲೆ ಎತ್ತಲಿಲ್ಲ. ಕಪ್ಪಗೆ ಸುಲಿದು ನಿಂತಿದ್ದ ಹಳೆಯ ವಾರ್ನಿಷ್ ಹೋಗಿ, ಕೆಳಗಿನ ಕೆಂಪು ಮರ ಅಂಗೈಯಗಲ ಕಾಣಿಸತೊಡಗಿತ್ತು. ಗಂಡ ತೀರಿಹೋಗಿ ವರ್ಷ ತುಂಬಿದ ಮೇಲೆ ಅವಳಿಗೆ ಹತ್ತಿದ ಹುಚ್ಚು ಇದು. ಅವನು ಕೈಯಾರೆ ಕಟ್ಟಿದ ಸ್ಪೀಡ್‌ಬೋಟಿನಲ್ಲಿ ಒಂದೇ ಒಂದು ಸಂಜೆ ನೀರಿನ ಮೇಲೆ ಹೋಗಬೇಕು, ಸ್ಟೀರಿಂಗು ತಾನೇ ಹಿಡಿಯಬೇಕು. ಮೈದುನ ತನ್ನ ಮೋಟಾರು ದೋಣಿಯಲ್ಲಿ ಕೂರಿಸಿ ಕಲಿಸಿಯೂ ಕೊಟ್ಟಿದ್ದ. ಅರವತ್ತಕ್ಕೆ ಅರಳು ಮರುಳು ಎಂದು ಅಕ್ಕಪಕ್ಕದವರು ನಕ್ಕರು. ನಗಲಿ ಬಿಡಿ, ಅವರ ಗಂಟೇನು ಹೋಗಬೇಕು?

"ಚಿನ್ನ ಅಲ್ಲ, ಸೀಸ," ಎಂದ ಮೈದುನ. "ಮಣಭಾರದ ಗಟ್ಟಿ. ನಾಲ್ಕು ಬೋಲ್ಟು ಹಾಕಿ ಬಿಗಿದಿದಾನೆ ಪುಣ್ಯಾತ್ಮ."

"ಸೀಸ ಯಾಕೋ ಅಲ್ಲಿ?"

"ತೂಕಕ್ಕೆ. ಓಡಿಸೋನು ಬಲಗಡೆ ಕೂರ್ತಾನಲ್ಲ, ಎಡಗಡೆ ಏನೂ ಇಲ್ಲದಿದ್ರೆ ಬೋಟು ಬಲಕ್ಕೆ ವಾಲತ್ತೆ. ಇದೊಂದಿದ್ರೆ ಒಬ್ಬನೇ ಆರಾಮಾಗಿ ಹೋಗಿ ಬರಬಹುದು, ಕೂದಲೆಳೆಯಷ್ಟೂ ವಾಲಲ್ಲ."

ಅತ್ತಿಗೆಯ ಕೈ ನಿಂತಿತು. ಮಂಡಿ ಹಿಡಿದುಕೊಂಡು ಎದ್ದು ಬಂದು ಬಗ್ಗಿ ನೋಡಿದಳು. "ಯಾವಾಗ ಹಾಕಿರಬಹುದು?"

"ಬೋಟು ಕಟ್ಟಿದಾಗಲೇ. ನೋಡಿ, ಮೊದಲನೇ ಸಲ ಬಳಿದ ವಾರ್ನಿಷ್ ಸೀಸದ ಮೇಲೂ ಹರಿದಿದೆ. ಆಗಿನ್ನೂ ನಿಮ್ಮ ಮದುವೆನೇ ಆಗಿರಲಿಲ್ಲ. ಅಣ್ಣ ಒಂಟಿ ಸಲಗ."

ಮದುವೆಯಾದ ಮೇಲಿನ ಕಥೆ ಮಾತ್ರ ಅವಳಿಗೆ ಗೊತ್ತು. ಕೆಲಸ ಮುಗಿಸಿ ಬಂದವನು ಸಂಜೆಯಾದರೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. 'ಬಾ' ಎನ್ನುವ ಒಂದಕ್ಷರ ಆ ಮನುಷ್ಯನ ಬಾಯಲ್ಲಿ ಬಂದದ್ದೇ ಇಲ್ಲ. ಗೋಡೆ ನೋಡುತ್ತಾ ಹೇಳುತ್ತಿದ್ದ, "ಎಡಗಡೆ ಯಾರಾದರೂ ಕೂರಬೇಕು. ಒಬ್ಬನೇ ಹೋದರೆ ವಾಲತ್ತೆ." ಇವಳು ಒಲೆ ಆರಿಸಿ, "ನಾನೇನು ನಿಮಗೆ ಮರಳಿನ ಮೂಟೆನಾ?" ಎಂದು ಗೊಣಗುತ್ತಾ ಹೋಗಿ ಕೂರುತ್ತಿದ್ದಳು. ತಮಾಷೆಯೆಂದರೆ ಇವಳು ಕೂತ ಮೇಲೆ ಬೋಟು ಒಂದಿಷ್ಟು ಎಡಕ್ಕೇ ವಾಲುತ್ತಿತ್ತು. ನೀರು ಸಿಡಿದು ಇವಳ ಎಡ ತೋಳು ಒದ್ದೆಯಾಗುತ್ತಿತ್ತು. "ಯಾಕ್ರೀ ಹಿಂಗೆ?" ಎಂದು ಕೇಳಿದರೆ, "ನೀನು ದಪ್ಪ ಆಗಿದೀಯ," ಎನ್ನುತ್ತಿದ್ದ ಕಳ್ಳ. ಅದನ್ನು ನಂಬಿ ಇವಳು ರಾತ್ರಿಯೂಟ ಬಿಟ್ಟದ್ದೂ ಉಂಟು.

ಆಮೇಲೆ ಮಂಡಿ ಕೈಕೊಟ್ಟಿತು. ಬೋಟು ಹತ್ತಿ ಇಳಿಯುವುದು ಯಮಯಾತನೆಯಾಗಿ ಒಂದು ಸಂಜೆ ಕಡ್ಡಿ ಮುರಿದ ಹಾಗೆ ಹೇಳಿದಳು, "ಮರಳಿನ ಮೂಟೆನೇ ಇಟ್ಕೊಂಡು ಹೋಗಿ. ನನ್ನ ಕೈಲಾಗಲ್ಲ." ಅವನು ಬೋಟನ್ನು ಶೆಡ್ಡಿಗೆ ಎಳೆದು, ಮೇಲೆ ಟಾರ್ಪಾಲು ಹೊದಿಸಿ ಬಂದ. ಮತ್ತೆ ಅದನ್ನು ಸರಿಸಲಿಲ್ಲ. ಮರ ಒಣಗಿತು, ಹಲಗೆಗಳ ಸಂದು ಬಿರಿಯಿತು, ಇಂಜಿನ್ನಿಗೆ ತುಕ್ಕು ಹಿಡಿಯಿತು. ಯಾಕೆ ಓಡಿಸುತ್ತಿಲ್ಲ ಎಂದು ಕೇಳಿದವರಿಗೆಲ್ಲ ಅದೇ ಉತ್ತರ, ಒಬ್ಬನೇ ಹೋದರೆ ವಾಲತ್ತೆ. ಹಟಮಾರಿ, ಗಂಟುಮೋರೆಯವನು ಎಂದು ಇವಳು ಬೈದುಕೊಂಡಳು.

"ಅತ್ತಿಗೆ? ಕಣ್ಣಿಗೆ ಧೂಳು ಹೋಯ್ತಾ?"

"ಅದನ್ನ ಕಿತ್ತುಹಾಕು," ಎಂದಳು ಅತ್ತಿಗೆ. ಕಣ್ಣೊರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಗಂಡ ಈಗ ಎದುರಿಗೆ ಬಂದು ನಿಂತು ಗೋಡೆ ನೋಡಿದ್ದರೆ ಸಾಕಿತ್ತು. ಮಂಡಿ ಮುರಿದರೂ ಸರಿ, ಓಡಿಹೋಗಿ ಕೂರುತ್ತಿದ್ದಳು.

"ಏನು, ಸೀಸಾನಾ? ಅತ್ತಿಗೆ, ಓಡಿಸೋರು ನೀವು, ಅದೂ ಒಬ್ಬರೇ. ಇದು ಇರಲೇಬೇಕು."

"ಕಿತ್ತುಹಾಕು ಅಂದ್ನಲ್ಲ."

ಮೈದುನ ಅತ್ತಿಗೆಯ ಮುಖ ನೋಡಿ ಸ್ಪ್ಯಾನರು ಕೈಗೆತ್ತಿಕೊಂಡ. ಬೋಲ್ಟುಗಳೂ ಅಣ್ಣನ ಹಾಗೆಯೇ, ಸುಲಭಕ್ಕೆ ಬಾಯಿ ಬಿಡಲಿಲ್ಲ.

ಸೀಸವಿಲ್ಲದೆಯೇ ಎಡಗಡೆಯ ಸೀಟನ್ನು ಮತ್ತೆ ಕೂರಿಸಿ, ಇಂಜಿನ್ನಿನ ತುಕ್ಕು ಬಿಡಿಸಿ, ಸಂದುಗಳನ್ನೆಲ್ಲ ಮುಚ್ಚಿ, ಹೊಸ ವಾರ್ನಿಷ್ ಬಳಿದು, ಒಣಗಿದ ಹಲಗೆ ನೀರು ಕುಡಿದು ಉಬ್ಬಲಿ ಎಂದು ಬೋಟನ್ನು ದಡದಲ್ಲೇ ಕೆಲವು ದಿನ ನೆನೆಹಾಕಿದರು. ಆಮೇಲೆ ಒಂದು ಸಂಜೆ ಅತ್ತಿಗೆ ಮೈದುನನ ಭುಜ ಹಿಡಿದು ಹತ್ತಿದಳು. ಅಭ್ಯಾಸಬಲ, ಹೋಗಿ ಎಡಗಡೆ ಕೂತೇಬಿಟ್ಟಳು. ಸ್ವಲ್ಪ ಹೊತ್ತು ಖಾಲಿ ಸ್ಟೀರಿಂಗನ್ನು ನೋಡಿದಳು. ಆಮೇಲೆ ಎದ್ದು ಬಲಗಡೆಗೆ ಸರಿದಳು. ಗಂಡ ಕೂತು ಕೂತು ತಗ್ಗು ಬಿದ್ದಿದ್ದ ಆ ಸೀಟು ಅವಳಿಗೆ ತೀರಾ ದೊಡ್ಡದಾಗಿತ್ತು.

ಇಂಜಿನ್ನು ಕೆಮ್ಮಿ ಹತ್ತಿಕೊಂಡಿತು. ಬೋಟು ದಡ ಬಿಟ್ಟಿತು. ಬಲಗಡೆ ನೀರಿಗೆ ಬಾಗಿ, ಎಡಗಡೆಯ ಖಾಲಿ ಸೀಟು ಮೇಲೆದ್ದಿತು.

"ಅತ್ತಿಗೆ, ವಾಲ್ತಾ ಇದೆ," ಎಂದು ದಡದಿಂದ ಮೈದುನ ಕೂಗಿದ. "ನಾನು ಹೇಳ್ಲಿಲ್ವಾ?"

"ನೀನೇನು ಹೇಳೋದು," ಎಂದು ಅತ್ತಿಗೆ ತಿರುಗಿ ನೋಡದೆ ಕೂಗಿದಳು, "ನಿಮ್ಮಣ್ಣ ದಿನಾ ಹೇಳ್ತಿದ್ರಲ್ಲೋ, ಒಬ್ಬರೇ ಹೋದರೆ ವಾಲತ್ತೆ ಅಂತ."