ಕಡಲೆಕಾಳಿನಷ್ಟು ಟೋಪಿ

ನನ್ನ ಮನೆಯದಲ್ಲದ ವಿಷಯವನ್ನು ಹೇಳಲು ಹೊರಟಿದ್ದೇನೆ, ಕ್ಷಮಿಸಬೇಕು. ಹೇಳುವ ಹಕ್ಕು ನನಗಿದೆಯೇ ಎಂದು ಬರೆಯಲು ಕೂತ ಮೇಲೂ ಅನುಮಾನವೇ. ಗೆಳತಿ ಸ್ನೇಹಲ್ ನನಗೆ ಹೇಳಿದ್ದನ್ನು ಹೆಚ್ಚು ಕಡಿಮೆ ಮಾಡದೆ ಇಲ್ಲಿಡುತ್ತೇನೆ.

ಅಮೆರಿಕದ ಸ್ಯಾನ್ ಮಟಿಯೋದ ಕ್ಲಿನಿಕ್ಕಿನಲ್ಲಿ ಡಾಕ್ಟರು ಅವಳ ಗಂಡ ಸಿದ್ಧಾರೂಢನಿಗೆ ಎರಡೂ ಕೈ ಮುಂದೆ ಚಾಚಲು ಹೇಳಿದರು. ಎಡಗೈ ಅಲುಗಾಡದೆ ನಿಂತಿತು. ಬಲಗೈಯ ಹೆಬ್ಬೆರಳು ಒಮ್ಮೆ ಅದುರಿ ಸುಮ್ಮನಾಯಿತು. ಡಾಕ್ಟರು ಇನ್ನೊಮ್ಮೆ ಚಾಚಿಸಿದರು. ಈ ಸಲ ಅದುರಲಿಲ್ಲ.

"ಹೆದರಿಕೆಗೂ ಹೀಗಾಗುತ್ತದೆ," ಎಂದರು ಅವರು ಇಂಗ್ಲಿಷಿನಲ್ಲಿ. "ಆದರೆ ನಿಮ್ಮ ಕೆಲಸ ಅಂಥದ್ದು. ಇಷ್ಟರಿಂದಲೇ ಬರೆದುಕೊಡಲಾರೆ."

ಸಿದ್ಧಾರೂಢ ಕೊಲ್ಲಿಯಾಚೆ, ಉದ್ದದ ಸೇತುವೆ ದಾಟಿದರೆ ಸಿಗುವ ಹೇವರ್ಡಿನ ಗೋದಾಮೊಂದರಲ್ಲಿ ಪೆಟ್ಟಿಗೆಗಳನ್ನು ಎತ್ತಿಡುವ ಫೋರ್ಕ್‌ಲಿಫ್ಟು ಓಡಿಸುವವನು. ಹಿಂದಿನ ತಿಂಗಳು ಅವನ ಕೈ ಹಿಡಿತ ತಪ್ಪಿ, ಎರಡಾಳೆತ್ತರಕ್ಕೆ ಏರಿದ್ದ ಪೆಟ್ಟಿಗೆಗಳೆಲ್ಲ ನೆಲಕ್ಕೆ ಬಿದ್ದಿದ್ದವು. ಆಗ ಕೆಳಗೆ ಯಾರೂ ಇರಲಿಲ್ಲ. ಕೈ ಸರಿಯಿದೆ ಎಂದು ಡಾಕ್ಟರ ಪತ್ರ ತಂದರೆ ಮಾತ್ರ ಕೆಲಸ ಎಂದು ಅವನನ್ನು ಮನೆಗೆ ಕಳಿಸಿದ್ದರು. ಕೆಲಸ ಹೋದರೆ ಇನ್ಶೂರೆನ್ಸೂ ಹೋಗುತ್ತದೆ. ಇನ್ಶೂರೆನ್ಸು ಹೋದರೆ ಆ ಕೈಗೆ ಔಷಧವೂ ಇಲ್ಲ. ಹೊರಗೆ ಕಾಯುವಾಗ ಅವನು ಹೆಂಡತಿಯನ್ನು ನಗಿಸಲು ನೋಡಿದ್ದ: "ಊರಿಗೆಲ್ಲ ಟೊಪಿಗಿ ಹಾಕಿದವ್ರು ಆರಾಮ ಅದಾರ. ಗೊಂಬಿಗೆ ಟೊಪಿಗಿ ಹಾಕೋ ನನ್ನ ಹಿಡಕೊಂಡು ಬಂದು ಇಲ್ಲಿ ಕುಂಡ್ರಿಸ್ಯಾರ ನೋಡು." ಸ್ನೇಹಲ್ ನಕ್ಕಿರಲಿಲ್ಲ.

ಈಗ ಅವನು ಚೀಲದಿಂದ ಗಾಜಿನ ಮುಚ್ಚಳದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಒಳಗೆ ಹನ್ನೊಂದು ಸಿಪಾಯಿ ಗೊಂಬೆಗಳು, ಬೆರಳಿನ ಎರಡು ಗೆಣ್ಣಿನಷ್ಟು ಎತ್ತರ. ಇನ್ನೂರು ವರ್ಷಗಳ ಹಿಂದಿನ ಪಡೆಯ ವೇಷ. ಮೈ ಅಂಗಡಿಯಲ್ಲಿ ಕೊಂಡದ್ದು, ಟೋಪಿ ಮಾತ್ರ ಮನೆಯಲ್ಲಿ ಮಾಡಿದ್ದು, ಅದು ಅವನ ಹವ್ಯಾಸ. ಅಂಟುಮಣ್ಣಿನಂಥ ಹಳದಿ ಪುಟ್ಟಿಗೆ ನೀಲಿ ಪುಟ್ಟಿ ಸೇರಿಸಿ, ಹಸಿರಾಗುವ ತನಕ ನಾದಿ, ಒದ್ದೆ ಬೆರಳಲ್ಲಿ ಆಕಾರ ಕೊಟ್ಟು, ಸೂಜಿಯಿಂದ ತಿದ್ದಬೇಕು. ಮೂರು ಮೂಲೆಯವು, ಗರಿ ಸಿಕ್ಕಿಸಿದವು, ಒಂದೊಂದೂ ಕಡಲೆಕಾಳಿನಷ್ಟು.

ಡಾಕ್ಟರು ಭೂತಕನ್ನಡಿ ಹಿಡಿದು ಬಗ್ಗಿದರು. "ಯಾವಾಗ ಮಾಡಿದಿರಿ?"

"ಈ ನಾಲ್ಕು ತಿಂಗಳಲ್ಲಿ. ಕೊನೆಯದು ಹೋದ ವಾರ."

"ಈ ಅಂಚು ನೋಡಿ! ಅದುರುವ ಕೈಯಿಂದ ಇದು ಸಾಧ್ಯವೇ ಇಲ್ಲ."

ಸ್ನೇಹಲ್ ತಲೆ ತಗ್ಗಿಸಿದಳು. ಆ ಹನ್ನೊಂದೂ ಅವಳು ಮಾಡಿದವು. ನಾಲ್ಕು ತಿಂಗಳ ಹಿಂದೆ ಅವನ ಟೋಪಿಗಳು ಸೊಟ್ಟಗಾಗತೊಡಗಿದವು. ಒಂದು ಸಂಜೆ ಮೂರನ್ನು ಕಸದ ಬುಟ್ಟಿಗೆ ಎಸೆದು, ಊಟ ಬಿಟ್ಟು, ಗೋಡೆ ಕಡೆ ತಿರುಗಿ ಮಲಗಿದ. ಗೊಂಬೆಯ ತಲೆಯ ಮೇಲೆ ಉಳಿದ ನಾಲ್ಕನೆಯದೂ ಸೊಟ್ಟಗೇ ಇತ್ತು. ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಅವಳು ಅದನ್ನು ಕಿತ್ತು, ಬೇರೆ ಮಾಡಿ ಕೂರಿಸಿದಳು. ಚಿಕ್ಕಂದಿನಿಂದ ಕರ್ಚಿಕಾಯಿಯ ಅಂಚು ಮಡಚಿದ ಬೆರಳು, ಕಷ್ಟವಾಗಲಿಲ್ಲ. ಸಂಜೆ ಅವನು ಅದನ್ನು ಬಹಳ ಹೊತ್ತು ನೋಡಿ, "ಒಣಗಿದ ಮ್ಯಾಲೆ ಛಲೋನ ಕಾಣಸ್ತದ," ಎಂದು ಎರಡು ರೊಟ್ಟಿ ಹೆಚ್ಚು ತಿಂದಿದ್ದ. ಅಂದಿನಿಂದ ಅವನು ಮಾಡುವುದು, ಅವಳು ಬದಲಿಸುವುದು ಹೀಗೇ ನಡೆದಿತ್ತು; ಅವನು ಮನೆಯಲ್ಲೇ ಉಳಿದ ಮೇಲೆ, ರಾತ್ರಿ ಅವನು ಮಲಗಿದಾಗ.

"ಮೇಡಂ," ಡಾಕ್ಟರು ಅವಳ ಕಡೆ ತಿರುಗಿದರು. "ಇವನ್ನು ಇವರೇ ಮಾಡಿದ್ದನ್ನು ನೀವು ಕಣ್ಣಾರೆ ಕಂಡಿದ್ದೀರಾ?"

ಅವಳು ಬಾಯಿ ತೆರೆಯುವ ಮೊದಲೇ ಸಿದ್ಧಾರೂಢ ನಗುತ್ತಾ, ತಮಾಷೆಯ ದನಿಯಲ್ಲಿ, ಕನ್ನಡದಲ್ಲಿ ಹೇಳಿದ: "ಅವು ನಿನ್ನ ಕೈಯಾಗಿನವು ಅಂತ ನನಗ ಮೊದಲನೇ ದಿನಾನ ಗೊತ್ತು. ಕರ್ಚಿಕಾಯಿ ಅಂಚು ಗುರ್ತು ಸಿಗಂಗಿಲ್ಲೇನು ನನಗ? ಈಗ ಹೂಂ ಅನ್ನು."

ಅವಳಿಗೆ ನೀಲಾಬಾಯಿ ನೆನಪಾದಳು. ಅದೇ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವವಳು, ಹಬ್ಬಕ್ಕೆ ಇವರ ಮನೆಗೇ ಊಟಕ್ಕೆ ಬರುವವಳು.

"ನೀಲಾಬಾಯಿ ಅಲ್ಲೇ ಕೆಳಗ ನಿಂತಿರ್ತಾಳ್ರೀ."

"ಹೂಂ ಅನ್ನು ಅಂದೆ."

"ಏನು ಹೇಳುತ್ತಿದ್ದಾರೆ?" ಡಾಕ್ಟರಿಗೂ ನಗು ಬಂದಿತ್ತು.

"ನನ್ನನ್ನು ಹೊಗಳಬಾರದಂತೆ, ಜಂಬ ತಲೆಗೇರುತ್ತದಂತೆ," ಎಂದ ಸಿದ್ಧಾರೂಢ ಇಂಗ್ಲಿಷಿನಲ್ಲಿ.

ಡಾಕ್ಟರು ಕಾಯುತ್ತಿದ್ದರು. ಸ್ನೇಹಲ್ "ಯೆಸ್" ಎಂದಳು. ಒಂದೇ ಸಲ, ಸ್ಪಷ್ಟವಾಗಿ.

ಪತ್ರಕ್ಕೆ ಸಹಿ ಬಿದ್ದಿತು. ಸೋಮವಾರ ಬೆಳಗಿನ ಪಾಳಿಗೆ ಹೋಗಬಹುದು. ಕಾರಿನ ಹತ್ತಿರ ಬಂದಾಗ ಸಿದ್ಧಾರೂಢ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟು, ಕಾರಿನ ಕೀ ತೆಗೆದು ಅವಳತ್ತ ಚಾಚಿದ.

"ನೀನ ಹೊಡಿ. ಅಷ್ಟುದ್ದ ಬ್ರಿಜ್ಜಿನ ಮ್ಯಾಲೆ ನನಗ ಧೈರ್ಯ ಸಾಲಂಗಿಲ್ಲ."

ಸ್ನೇಹಲ್ ಇಷ್ಟನ್ನು ನನಗೆ ಹೇಳಿದ್ದು ಭಾನುವಾರ ಮಧ್ಯಾಹ್ನ. ಸೋಮವಾರ ಬೆಳಗಾಗುವುದರೊಳಗೆ ಅವಳು ಆ ಡಾಕ್ಟರಿಗೆ ಫೋನು ಮಾಡಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನಂತೂ ಮಾಡಲಿಲ್ಲ.