ಯಾವ ಮಿಷನ್ನು ಸರಿ

"ನಂಗೆ ಆಮೇಲೆ ಚುಚ್ಚೀವಂತೆ, ಮೊದ್ಲು ಇವಳಿಗೆ ಚುಚ್ಚಿ ನೋಡು," ಎಂದು ಗುರುಶಾಂತಮ್ಮ ಸೊಸೆ ಗಿರಿಜಾಂಬಿಕಾಳ ಕೈಯನ್ನು ಎಳೆದು ಮೆಡಿಕಲ್ ಅಂಗಡಿಯ ಮೇಜಿನ ಮೇಲಿಟ್ಟಳು. ಸಕ್ಕರೆ ಕಾಯಿಲೆ ಇದ್ದದ್ದು ಅತ್ತೆಗೆ. ಮನೆಯಲ್ಲೇ ರಕ್ತ ಪರೀಕ್ಷೆ ಮಾಡಿಕೊಳ್ಳುವ ಮಿಷನ್ನು ತಿಪಟೂರಿಗೆ ಆಗಷ್ಟೇ ಬಂದಿತ್ತು. ಅಂಗಡಿಯ ಲಕ್ಷ್ಮಯ್ಯ ಎರಡು ಥರದ್ದನ್ನು ಎದುರಿಗಿಟ್ಟಿದ್ದ.

"ಇವಳಿಗೇನೂ ರೋಗವಿಲ್ಲ ಕಣಪ್ಪ, ಬರೀ ಮೈಗಳ್ಳತನ. ಬಿಂದಿಗೆಗಟ್ಟಲೆ ನೀರು ಕುಡೀತಾಳೆ, ಕಾಯಿ ಸುಲಿಯೋಕೆ ಕೂರ್ಸಿದ್ರೆ ತೂಕಡಿಸ್ತಾಳೆ. ಇವಳಿಗೆ ಸಕ್ಕರೆ ಐತೆ ಅನ್ನೋ ಮಿಷನ್ನು ನಂಗೆ ಬೇಡ."

ಮೊದಲನೆಯದು ಮುನ್ನೂರ ನಲವತ್ತು ತೋರಿಸಿತು.

"ಕೆಟ್ಟೋಗೈತೆ, ತೆಗಿ ಅತ್ಲಾಗೆ."

ಎರಡನೆಯದೂ ಹೆಚ್ಚುಕಡಿಮೆ ಅಷ್ಟೇ ತೋರಿಸಿತು. "ಎರಡೂ ಸರಿಯಾಗಿವೆ ಕಣಮ್ಮ," ಎಂದ ಲಕ್ಷ್ಮಯ್ಯ ದನಿ ತಗ್ಗಿಸಿ. "ಇವರನ್ನ ಇವತ್ತೇ ಡಾಕ್ಟ್ರಿಗೆ ತೋರ್ಸಿ."

ಗುರುಶಾಂತಮ್ಮನ ಮುಖ ಬಿಗಿಯಿತು. "ಇವಳ ತವರು ಅರಳಗುಪ್ಪೆಯೋರು ರೋಗದ ಹೆಣ್ಣನ್ನ ನಮ್ಮ ಕೊರಳಿಗೆ ಕಟ್ಟಿದ್ರು ನೋಡು!"

ಗಿರಿಜಾಂಬಿಕಾ ಆ ಅಂಕಿಯನ್ನೇ ನೋಡುತ್ತಿದ್ದಳು. ಅತ್ತೆ ಅಂದದ್ದನ್ನು ಕೇಳಿ ಕೇಳಿ, ತಾನು ಮೈಗಳ್ಳಿಯೇ ಇರಬೇಕೆಂದು ಅವಳೂ ನಂಬಿಬಿಟ್ಟಿದ್ದಳು. ರಕ್ತ ಒಸರುತ್ತಿದ್ದ ಬೆರಳನ್ನು ಒರೆಸಿಕೊಳ್ಳದೆ, ಅವಳು ಮೇಜಿನ ಮೇಲಿದ್ದ ಮಿಷನ್ನೊಂದನ್ನು ಎತ್ತಿಕೊಂಡಳು.

"ಇದು ನಂಗೆ. ನಿಮಗೆ ಬೇಕಾದ್ರೆ ಅಲ್ಲಿ ಇನ್ನೊಂದೈತೆ, ಅತ್ತೆ."